ವ್ಯವಹಾರ ಪ್ರಕ್ರಿಯೆಯ ಮಾದರಿ ರಚನೆ

ವ್ಯವಹಾರ ಪ್ರಕ್ರಿಯೆಯ ಮಾದರಿ ರಚನೆ: ಸಂಸ್ಥೆಯೊಂದರಲ್ಲಿ ಒಂದು ಕೆಲಸ ಎಲ್ಲಿ ಶುರುವಾಗಿ, ಯಾರ ಯಾರ ಕೈ ದಾಟಿ, ಎಲ್ಲೆಲ್ಲಿ ಕವಲೊಡೆದು, ಏನಾಗಿ ಮುಗಿಯುತ್ತದೆ ಎಂಬುದನ್ನು ಗೊತ್ತುಪಡಿಸಿದ ಚಿಹ್ನೆಗಳಲ್ಲಿ ಬರೆದು ತೋರಿಸುವ ವಿದ್ಯೆ. ಉದ್ಯಮದವರ ಬಾಯಲ್ಲಿ ಇದು ಬಿಸಿನೆಸ್ ಪ್ರೊಸೆಸ್ ಮಾಡೆಲಿಂಗ್. ಹೆಸರಿನಲ್ಲಿ ವ್ಯವಹಾರ ಎಂದಿದ್ದರೂ ಲಾಭ ನಷ್ಟದ ವ್ಯಾಪಾರಕ್ಕಷ್ಟೇ ಸೇರಿದ್ದಲ್ಲ. ಆಸ್ಪತ್ರೆಯಲ್ಲಿ ರೋಗಿಯ ದಾಖಲಾತಿ, ಬ್ಯಾಂಕಿನಲ್ಲಿ ಸಾಲ ಮಂಜೂರಾತಿ, ತಾಲೂಕು ಕಚೇರಿಯಲ್ಲಿ ಖಾತೆ ಬದಲಾವಣೆ, ಇವೆಲ್ಲವೂ ಪ್ರಕ್ರಿಯೆಗಳೇ. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ದುಡಿದವರಿಗೆ ಈ ಪದದ ಇನ್ನೊಂದು ಬಳಕೆ ಗೊತ್ತು. ಅಲ್ಲಿ ‘ನೀನು ಯಾವ ಪ್ರೊಸೆಸ್‌ನಲ್ಲಿದ್ದೀಯ?’ ಎಂದು ಕೇಳಿದರೆ ಯಾವ ಗ್ರಾಹಕ ಕಂಪನಿಯ ಕೆಲಸ ನೋಡಿಕೊಳ್ಳುತ್ತಿದ್ದೀಯ ಎಂದರ್ಥ. ಆ ಬಳಕೆಯಲ್ಲೂ ಅರ್ಥ ಇದೆ. ಒಂದು ಕೆಲಸವನ್ನು ಏಳು ಸಮುದ್ರದಾಚೆಯ ಊರಿಗೆ ಒಪ್ಪಿಸಬೇಕಾದರೆ ಮೊದಲು ಅದನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಬರೆಯಲೇಬೇಕು.

ಹೆಚ್ಚಿನ ಕಚೇರಿಗಳಲ್ಲಿ ಅಧಿಕಾರಿಗಳ ಶ್ರೇಣಿಯ ಪಟ್ಟಿಯೊಂದು ಇರುತ್ತದೆ. ಯಾರ ಮೇಲೆ ಯಾರು ಎಂಬುದು ಅದರಿಂದ ತಿಳಿಯುತ್ತದೆ. ಯಾರು ಯಾರಿಗಾಗಿ ಕಾಯುತ್ತಾರೆ ಎಂಬುದು ತಿಳಿಯುವುದಿಲ್ಲ. ಅಧಿಕಾರ ಮೇಲಿನಿಂದ ಕೆಳಕ್ಕೆ ಇಳಿದರೆ ಕೆಲಸ ಮೇಜಿನಿಂದ ಮೇಜಿಗೆ ಅಡ್ಡಡ್ಡ ಸಾಗುತ್ತದೆ. ಕಡತ ಕಳೆದುಹೋಗುವುದು, ತಡವಾಗುವುದು, ‘ಅದು ನನ್ನ ಕೆಲಸವಲ್ಲ’ ಎಂಬ ಮಾತು ಹುಟ್ಟುವುದು ಹೆಚ್ಚಾಗಿ ಎರಡು ಮೇಜುಗಳ ನಡುವಿನ ಜಾಗದಲ್ಲಿ. ಅಮೆರಿಕದ ಜಿಯರಿ ರಮ್ಲರ್ ತಮ್ಮ ಸಹಲೇಖಕರೊಡನೆ 1990ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಶ್ರೇಣಿಪಟ್ಟಿಯ ಈ ಖಾಲಿ ಜಾಗದ ಪ್ರಸ್ತಾಪವಿದೆ. ಪ್ರಕ್ರಿಯೆಯ ನಕ್ಷೆ ಬರೆಯುವುದು ಮುಖ್ಯವಾಗಿ ಈ ಜಾಗ ಕಣ್ಣಿಗೆ ಬೀಳಲಿ ಎಂದು.

ಮೂಲ ಚಿಹ್ನೆಗಳು

ಮೊದಲ ಪಾಠಕ್ಕೆ ಬೆಂಗಳೂರಿನ ದರ್ಶಿನಿ ಸಾಕು. ಕೂತು ತಿನ್ನುವ ಹಳೆಯ ಹೋಟೆಲಿನಲ್ಲಿ ಗಿರಾಕಿ ಬಂದು ಕೂರುತ್ತಾನೆ, ಮಾಣಿ ಏನೇನಿದೆ ಎಂದು ಒಪ್ಪಿಸುತ್ತಾನೆ, ತಿಂಡಿ ತರುತ್ತಾನೆ, ಕೊನೆಗೆ ಬಿಲ್ಲು ಇಡುತ್ತಾನೆ, ಹೋಗುವಾಗ ಗಲ್ಲಾದಲ್ಲಿ ದುಡ್ಡು. ದರ್ಶಿನಿಯಲ್ಲಿ ದುಡ್ಡು ಮೊದಲು, ಚೀಟಿ ಆಮೇಲೆ, ಚೀಟಿ ಕೊಟ್ಟ ಮೇಲೆ ತಟ್ಟೆ. ಇಡ್ಲಿ ಅದೇ, ಚಟ್ನಿ ಅದೇ, ಅನುಕ್ರಮ ಮಾತ್ರ ಬೇರೆ. ಅಷ್ಟಕ್ಕೇ ಮಾಣಿಯ ಕೆಲಸ ಹೋಯಿತು, ಯಾರು ಎಷ್ಟು ತಿಂದರೆಂದು ನೆನಪಿಡುವ ತಲೆನೋವು ಹೋಯಿತು, ಕುರ್ಚಿಯೂ ಹೋಯಿತು. ಪ್ರಕ್ರಿಯೆ ಎಂದರೆ ಏನು ಮಾಡುತ್ತೇವೆ ಎಂಬುದಷ್ಟೇ ಅಲ್ಲ, ಯಾವುದಾದ ಮೇಲೆ ಯಾವುದು ಎಂಬುದೂ ಹೌದು.

ಇದನ್ನು ಇಂದು ಹೆಚ್ಚು ಬಳಕೆಯಲ್ಲಿರುವ ಬಿಪಿಎಂಎನ್ ಎಂಬ ಚಿಹ್ನಾಪದ್ಧತಿಯಲ್ಲಿ ಬರೆಯೋಣ. ತೆಳು ಗೆರೆಯ ವೃತ್ತ ಆರಂಭದ ಘಟನೆ: ಗಿರಾಕಿ ಬಂದ. ಮೂಲೆ ದುಂಡಾದ ಆಯತ ಒಂದು ಕೆಲಸ: ಚೀಟಿ ಹರಿ, ಇಡ್ಲಿ ಬಡಿಸು. ವಜ್ರಾಕೃತಿ ಕವಲು, ಇದನ್ನು ಗೇಟ್‌ವೇ ಎನ್ನುತ್ತಾರೆ. ಕೇಳಿದ ತಿಂಡಿ ಇದೆಯೇ, ಮುಗಿದಿದೆಯೇ ಎಂಬಲ್ಲಿ ಅದು ಬರುತ್ತದೆ. ದಪ್ಪ ಗೆರೆಯ ವೃತ್ತ ಮುಕ್ತಾಯ. ಇವುಗಳನ್ನು ಜೋಡಿಸುವ ಬಾಣವೇ ಹರಿವು. ಇಡೀ ಹೋಟೆಲಿಗೆ ಒಂದು ದೊಡ್ಡ ಚೌಕಟ್ಟು, ಅದಕ್ಕೆ ಪೂಲ್ ಎಂದು ಹೆಸರು. ಅದರೊಳಗೆ ಕ್ಯಾಷಿಯರ್‌ಗೆ ಒಂದು ಪಟ್ಟೆ, ಬಡಿಸುವವರಿಗೆ ಒಂದು, ಅಡುಗೆಮನೆಗೆ ಒಂದು. ಈಜುಕೊಳದಲ್ಲಿ ಈಜುಗಾರರಿಗೆ ಹಗ್ಗ ಕಟ್ಟಿ ಬಿಟ್ಟ ದಾರಿಗಳ ಹಾಗಿರುವುದರಿಂದ ಈ ಪಟ್ಟೆಗಳು ಸ್ವಿಮ್‌ಲೇನ್. ಗಿರಾಕಿ ಹೋಟೆಲಿನ ನೌಕರನಲ್ಲ, ಹಾಗಾಗಿ ಅವನಿಗೆ ಬೇರೆಯೇ ಪೂಲ್. ಎರಡು ಪೂಲ್‌ಗಳ ನಡುವೆ ಸಂದೇಶ ಮಾತ್ರ ಓಡಾಡಬಹುದು, ಅದನ್ನು ತುಂಡು ಗೆರೆಯ ಬಾಣದಲ್ಲಿ ಬರೆಯಬೇಕು. ಕೆಲಸದ ಹರಿವಿನ ಅಖಂಡ ಬಾಣ ಪೂಲ್‌ನ ಗಡಿ ದಾಟಬಾರದು. ಹೊಸಬರು ಮೊದಲು ತಪ್ಪುವುದು ಈ ನಿಯಮದಲ್ಲೇ.

ಪಟ್ಟೆಗಳ ಬಗ್ಗೆ ಇನ್ನೊಂದು ಮಾತು, ಕನ್ನಡ ಬಲ್ಲವರಿಗಾಗಿಯೇ. ನಮ್ಮ ಕಚೇರಿ ಕನ್ನಡದಲ್ಲಿ ‘ಅರ್ಜಿಯನ್ನು ಪರಿಶೀಲಿಸಲಾಗುವುದು’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯಗಳಿಗೆ ಕೊನೆಯಿಲ್ಲ. ಇವುಗಳಲ್ಲಿ ಕ್ರಿಯೆ ಇದೆ, ಕರ್ತೃ ಇಲ್ಲ. ಸ್ವಿಮ್‌ಲೇನ್ ನಕ್ಷೆಯಲ್ಲಿ ಇಂಥ ವಾಕ್ಯಕ್ಕೆ ಜಾಗವಿಲ್ಲ. ಪ್ರತಿ ಆಯತವೂ ಯಾವುದಾದರೊಂದು ಪಟ್ಟೆಯಲ್ಲಿ ಕೂರಲೇಬೇಕು, ಪ್ರತಿ ಪಟ್ಟೆಗೂ ಒಬ್ಬ ಯಜಮಾನ ಇರಲೇಬೇಕು. ಸುತ್ತೋಲೆಯೊಂದನ್ನು ನಕ್ಷೆಯಾಗಿ ಬರೆಯಲು ಕೂತವರಿಗೆ ಮೊದಲು ಎದುರಾಗುವ ಪ್ರಶ್ನೆ, ಇದನ್ನು ಮಾಡುವವರು ಯಾರು ಎಂಬುದು. ಸುತ್ತೋಲೆಯಲ್ಲಿ ಅದಕ್ಕೆ ಉತ್ತರ ಎಷ್ಟೋ ಸಲ ಇರುವುದಿಲ್ಲ.

ಬೆಳೆದು ಬಂದ ದಾರಿ

ಕೆಲಸವನ್ನು ಬಿಡಿಬಿಡಿಯಾಗಿ ನೋಡುವ ಕಣ್ಣು ಹಳೆಯದು. ಗುಂಡುಸೂಜಿ ತಯಾರಿಕೆ ಸುಮಾರು 18 ಬೇರೆ ಬೇರೆ ಕೆಲಸಗಳಾಗಿ ಹಂಚಿಹೋಗಿರುವುದನ್ನು ಆಡಂ ಸ್ಮಿತ್ 1776ರಲ್ಲಿ ವಿವರಿಸಿದ. ಹಾಗೆ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡಬಲ್ಲರೆಂದು ಲೆಕ್ಕ ಹೇಳಿದ. ಆದರೆ ಕೆಲಸವನ್ನು ಚಿತ್ರವಾಗಿ ಬರೆಯುವ ಪದ್ಧತಿ ಬಂದದ್ದು 20ನೇ ಶತಮಾನದಲ್ಲಿ. ಗಾರೆ ಕೆಲಸದಿಂದ ಮೇಲೆ ಬಂದ ಫ್ರಾಂಕ್ ಗಿಲ್‌ಬ್ರೆತ್ ಒಂದು ಇಟ್ಟಿಗೆ ಇಡಲು ಬೇಕಾಗುತ್ತಿದ್ದ 18 ಚಲನೆಗಳನ್ನು 5ಕ್ಕೆ ಇಳಿಸಿದವರು. ಅವರೂ ಅವರ ಪತ್ನಿ ಲಿಲಿಯನ್ ಗಿಲ್‌ಬ್ರೆತ್ ಅವರೂ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಪ್ರಕ್ರಿಯಾ ನಕ್ಷೆಯನ್ನು ಮಂಡಿಸಿದರು. ಅದೇ ಸಂಘ 1947ರಲ್ಲಿ ಚಿಹ್ನೆಗಳನ್ನು ಐದಕ್ಕೆ ನಿಲ್ಲಿಸಿ ಮಾನಕ ಹೊರಡಿಸಿತು: ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ದಾಸ್ತಾನಿಗೆ ತ್ರಿಕೋನ, ವಿಳಂಬಕ್ಕೆ ಇಂಗ್ಲಿಷಿನ ಡಿ ಅಕ್ಷರ. ಸುಮ್ಮನೆ ಕಾಯುವುದಕ್ಕೂ ಒಂದು ಚಿಹ್ನೆ ಇತ್ತು ಎಂಬುದನ್ನು ಗಮನಿಸಬೇಕು. ಮುಂದೆ ಬಂದ ಪದ್ಧತಿಗಳು ಹೆಚ್ಚು ಜಾಣವಾದವು, ಆದರೆ ಈ ಡಿ ಅವುಗಳಲ್ಲಿ ಉಳಿಯಲಿಲ್ಲ. ಕಡತವೊಂದು ಮೇಜಿನ ಮೇಲೆ ಹದಿನೈದು ದಿನ ಬಿದ್ದಿದ್ದರೆ ಬಿಪಿಎಂಎನ್ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಎರಡು ಆಯತಗಳ ನಡುವಿನ ಬಾಣ ಒಂದೇ ಅಂಗುಲ. ಇದು ಆ ಪದ್ಧತಿಯ ದೊಡ್ಡ ಕೊರತೆ.

ಕಂಪ್ಯೂಟರ್ ಬಂದ ಹೊಸದರಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ ಪ್ರೋಗ್ರಾಮ್ ಬರೆಯಲು ಫ್ಲೋಚಾರ್ಟ್ ಬಳಸಿದರು. ಜರ್ಮನಿಯ ಕಾರ್ಲ್ ಆಡಂ ಪೆಟ್ರಿ 1962ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ, ಒಂದೇ ಕಾಲಕ್ಕೆ ಹಲವು ಕಡೆ ನಡೆಯುವ ಕೆಲಸಗಳನ್ನು ಗಣಿತದ ಹಿಡಿತಕ್ಕೆ ತರುವ ದಾರಿ ಹಾಕಿದರು. ಅದು ಬೆಳೆದು ಪೆಟ್ರಿ ನೆಟ್ ಆಯಿತು. ಅದರಲ್ಲಿ ಟೋಕನ್‌ಗಳು ಜಾಗದಿಂದ ಜಾಗಕ್ಕೆ ಸರಿಯುತ್ತವೆ, ಹಿಂದೆ ಬ್ಯಾಂಕಿನಲ್ಲಿ ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆಯಂತೆ. ಬಿಪಿಎಂಎನ್ ನಕ್ಷೆಯನ್ನು ಓದುವುದೂ ಈ ಟೋಕನ್ ಲೆಕ್ಕದಲ್ಲೇ. 1970ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಕಾರ್ಯಕ್ರಮವೊಂದರಿಂದ ಐಡೆಫ್ ಪದ್ಧತಿಗಳು ಹೊರಟವು. 1990ರ ದಶಕದ ಆರಂಭದಲ್ಲಿ ಜರ್ಮನಿಯ ಸಾರ್‌ಬ್ರೂಕನ್‌ನ ಪ್ರಾಧ್ಯಾಪಕ ಆಗಸ್ಟ್ ವಿಲ್ಹೆಲ್ಮ್ ಶೇರ್ ಮತ್ತು ಸಂಗಡಿಗರು ಘಟನೆ, ಕೆಲಸ, ಮತ್ತೆ ಘಟನೆ ಎಂದು ಸರಪಣಿಯಾಗಿ ಪೋಣಿಸುವ ಪದ್ಧತಿ ತಂದರು. ಸ್ಯಾಪ್ ತಂತ್ರಾಂಶದ ಜೊತೆಗೆ ಅದೂ ದೇಶದೇಶ ಸುತ್ತಿತು.

ಈ ವಿದ್ಯೆಗೆ ವ್ಯಾಪಾರಿಗಳ ಗಮನ ಬಿದ್ದದ್ದು 1990ರಲ್ಲಿ, ಮೈಕೇಲ್ ಹ್ಯಾಮರ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಿಂದ. ಅವರು ಕೊಟ್ಟ ಉದಾಹರಣೆ ಫೋರ್ಡ್ ಕಂಪನಿಯದು. ಉತ್ತರ ಅಮೆರಿಕದಲ್ಲಿ ಫೋರ್ಡ್‌ನ ಪೂರೈಕೆದಾರರಿಗೆ ಹಣ ಪಾವತಿಸುವ ವಿಭಾಗದಲ್ಲೇ 500ಕ್ಕೂ ಹೆಚ್ಚು ಜನರಿದ್ದರು. ಕಂಪ್ಯೂಟರ್ ತಂದು ಶೇ. 20ರಷ್ಟು ಜನರನ್ನು ಕಡಿಮೆ ಮಾಡೋಣ ಎಂದು ಹೊರಟವರು ಮಜ್ದಾ ಕಂಪನಿಯತ್ತ ನೋಡಿದರೆ, ಅಲ್ಲಿ ಅದೇ ಕೆಲಸಕ್ಕೆ ಐದು ಜನ. ಮಜ್ದಾ ಚಿಕ್ಕ ಕಂಪನಿ ನಿಜ. ಆ ವ್ಯತ್ಯಾಸ ಕಳೆದರೂ ಲೆಕ್ಕ ಕೂಡಲಿಲ್ಲ. ಫೋರ್ಡ್‌ನಲ್ಲಿ ಖರೀದಿ ವಿಭಾಗ ಆರ್ಡರಿನ ಪ್ರತಿ ಕಳಿಸುತ್ತಿತ್ತು, ಮಾಲು ಇಳಿಸಿಕೊಂಡ ಕಟ್ಟೆಯಿಂದ ಸ್ವೀಕೃತಿ ಪತ್ರ ಬರುತ್ತಿತ್ತು, ಪೂರೈಕೆದಾರ ಬಿಲ್ಲು ಕಳಿಸುತ್ತಿದ್ದ. ಈ ಮೂರು ಕಾಗದಗಳ 14 ವಿವರಗಳು ತಾಳೆಯಾದರೆ ಹಣ. ತಾಳೆಯಾಗದಿದ್ದರೆ ಹುಡುಕಾಟ, ಪತ್ರ ವ್ಯವಹಾರ, ತಡೆಹಿಡಿದ ಪಾವತಿ. ವಿಭಾಗದವರ ಹೆಚ್ಚಿನ ಹೊತ್ತು ಹೋಗುತ್ತಿದ್ದದ್ದು ಈ ತಾಳೆಯಾಗದ ಕೆಲವಕ್ಕೆ. ಕೊನೆಗೆ ಫೋರ್ಡ್ ಬಿಲ್ಲನ್ನೇ ಕೈಬಿಟ್ಟಿತು. ಆರ್ಡರು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಮಾಲು ಬಂದಾಗ ಕಟ್ಟೆಯವರು ಆ ದಾಖಲೆಯನ್ನು ತೆರೆದು ನೋಡುತ್ತಾರೆ. ಹೊಂದಿದರೆ ಮಾಲು ಒಳಗೆ, ಇಲ್ಲವಾದರೆ ವಾಪಸ್. ಮೂರು ವಿವರ ತಾಳೆಯಾದರೆ ಸಾಕು, ಚೆಕ್ ತಯಾರು. ಸಿಬ್ಬಂದಿ ಶೇ. 75ರಷ್ಟು ಕಡಿಮೆಯಾಯಿತು. ಹಳೆಯ ನಕ್ಷೆಯನ್ನೇ ಕಂಪ್ಯೂಟರಿಗೆ ಏರಿಸಿದ್ದರೆ ಹಳೆಯ ಹುಡುಕಾಟವೇ ಇನ್ನಷ್ಟು ವೇಗವಾಗಿ ನಡೆಯುತ್ತಿತ್ತು, ಅಷ್ಟೇ.

ಪ್ರಕ್ರಿಯೆಗಳ ಇಂಥ ಮರುರಚನೆಯ ಹೆಸರಿನಲ್ಲಿ ಮುಂದೆ ಹಲವು ಕಂಪನಿಗಳು ಜನರನ್ನು ಮನೆಗೆ ಕಳಿಸಿದವು. ಇದೇ ವಿಷಯದ ಮೇಲೆ 1993ರಲ್ಲಿ ಪುಸ್ತಕ ಬರೆದಿದ್ದ ಥಾಮಸ್ ಡ್ಯಾವೆನ್‌ಪೋರ್ಟ್ ಎರಡೇ ವರ್ಷದಲ್ಲಿ, ಇದು ಮನುಷ್ಯರನ್ನೇ ಮರೆತ ಗೀಳು ಎಂದು ಟೀಕಿಸಿ ಬರೆದರು. ಟೀಕೆ ಸರಿಯಾದದ್ದೇ.

ಚಿಹ್ನೆಗಳ ವಿಷಯದಲ್ಲಿ ಊರಿಗೊಂದು ಪದ್ಧತಿ ಇದ್ದ ಸ್ಥಿತಿ ಮುಗಿದದ್ದು 2004ರಲ್ಲಿ ಬಿಪಿಎಂಎನ್‌ನ ಮೊದಲ ಆವೃತ್ತಿ ಬಂದ ಮೇಲೆ. ಐಬಿಎಂನ ಸ್ಟೀಫನ್ ವೈಟ್ ಅದರ ಮುಖ್ಯ ಕರಡುಕಾರ. ಮರುವರ್ಷ ಅದರ ಹೊಣೆ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನಕ ಸಂಸ್ಥೆಗೆ ಹೋಯಿತು. 2011ರಲ್ಲಿ 2.0 ಆವೃತ್ತಿ ಹೊರಬಂತು, 2013ರಲ್ಲಿ ಐಎಸ್‌ಓ 19510 ಎಂಬ ಅಂತರರಾಷ್ಟ್ರೀಯ ಮಾನಕವೂ ಆಯಿತು. 2.0ರ ವಿಶೇಷವೆಂದರೆ ಬರೆದ ನಕ್ಷೆಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಬಹುದು, ಸಾಕಷ್ಟು ವಿವರ ತುಂಬಿದರೆ ಯಂತ್ರವೇ ಅದನ್ನು ನಡೆಸಲೂಬಹುದು.

ಖಾತೆ ಬದಲಾವಣೆಯ ನಕ್ಷೆ

ಕೊಂಡ ಜಮೀನಿನ ಪಹಣಿಯಲ್ಲಿ ಹೆಸರು ಬದಲಾಗುವ ಪ್ರಕ್ರಿಯೆ ಕರ್ನಾಟಕದ ರೈತ ಕುಟುಂಬಗಳಿಗೆಲ್ಲ ಗೊತ್ತಿರುವುದೇ. ಇದರ ಆಧಾರ 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 128 ಮತ್ತು 129ನೇ ಪ್ರಕರಣಗಳು. ಈಗ ಕಾಲಮಿತಿಯೂ ಕೆಲವು ಹೆಜ್ಜೆಗಳೂ ಬದಲಾಗಿವೆ. ಇಲ್ಲಿ ತೆಗೆದುಕೊಂಡಿರುವುದು ಪಹಣಿಗಳು ಗಣಕಕ್ಕೆ ಏರಿದ ಭೂಮಿ ಯೋಜನೆಯ ಮೊದಲ ವರ್ಷಗಳ ಕ್ರಮ.

ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಅಲ್ಲಿಂದ ಜೆ-ಸ್ಲಿಪ್ ಎಂಬ ಸೂಚನಾ ಚೀಟಿ ತಾಲೂಕು ಕಚೇರಿಗೆ ಹೋಗಬೇಕು. ನಕ್ಷೆಯಲ್ಲಿ ಇವು ಎರಡು ಪೂಲ್. ಜೆ-ಸ್ಲಿಪ್ ನಡುವೆ ಹಾಯುವ ತುಂಡು ಗೆರೆಯ ಬಾಣ. ಕಾಗದದ ಕಾಲದಲ್ಲಿ ಹೆಚ್ಚು ಅನುಮಾನ ಪಡಬೇಕಾಗಿದ್ದ ಬಾಣ ಅದೇ, ಏಕೆಂದರೆ ಅದು ಎರಡೂ ಕಚೇರಿಗಳ ಒಳಗಿಲ್ಲ. ಸ್ಲಿಪ್ ತಲುಪದಿದ್ದರೆ ಕಳಿಸಿದವರ ಪಾಲಿಗೆ ಕೆಲಸ ಮುಗಿದಿದೆ, ಪಡೆಯಬೇಕಾದವರ ಪಾಲಿಗೆ ಶುರುವೇ ಆಗಿಲ್ಲ. ಮುಂದೆ ನೋಂದಣಿಯ ಕಾವೇರಿ ತಂತ್ರಾಂಶವನ್ನೂ ಭೂಮಿಯನ್ನೂ ಜೋಡಿಸಿದ್ದು ಈ ಒಂದು ಬಾಣವನ್ನು ಭದ್ರಪಡಿಸಿದ ಕೆಲಸ.

ಕಂದಾಯ ಇಲಾಖೆಯ ಪೂಲ್ ಒಳಗೆ ಭೂಮಿ ಕೇಂದ್ರದ ಆಪರೇಟರ್, ಗ್ರಾಮ ಲೆಕ್ಕಾಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರ್, ಶಿರಸ್ತೇದಾರ್ ಹೀಗೆ ಪಟ್ಟೆಗಳು. ನೋಟಿಸ್ ಮುದ್ರಣವಾದ ಮೇಲೆ ಗ್ರಾಮ ಲೆಕ್ಕಾಧಿಕಾರಿಗೆ ಎರಡು ಕೆಲಸ: ಸಂಬಂಧಪಟ್ಟವರಿಗೆ ತಲುಪಿಸಬೇಕು, ಚಾವಡಿಯಲ್ಲಿ ಹಚ್ಚಬೇಕು. ಎರಡೂ ಆಗಬೇಕು, ಯಾವುದು ಮೊದಲಾದರೂ ಸರಿ. ಇಂಥಲ್ಲಿ ಬರುವುದು ಕೂಡುಚಿಹ್ನೆಯುಳ್ಳ ವಜ್ರ. ಒಂದು ಟೋಕನ್ ಅಲ್ಲಿ ಎರಡಾಗುತ್ತದೆ. ಎರಡೂ ಮತ್ತೆ ಕೂಡಿ ಒಂದಾಗಲು ಮುಂದೆ ಅಂಥದೇ ಇನ್ನೊಂದು ವಜ್ರ ಬೇಕು. ಅಲ್ಲಿ ಮರೆತು ಗುಣಾಕಾರ ಚಿಹ್ನೆಯ, ಅಂದರೆ ‘ಇದು ಇಲ್ಲವೇ ಅದು’ ಎಂಬರ್ಥದ, ವಜ್ರ ಹಾಕಿದರೆ ಎರಡು ಟೋಕನ್‌ಗಳೂ ಒಂದರ ಹಿಂದೊಂದು ನುಗ್ಗಿ ಒಂದೇ ಜಮೀನಿಗೆ ಎರಡು ಆದೇಶ ಹೊರಡುತ್ತವೆ. ತಪ್ಪು ತಿರುಗುಮುರುಗಾದರೆ, ‘ಇದು ಇಲ್ಲವೇ ಅದು’ ಎಂದು ಒಡೆದ ದಾರಿಗಳನ್ನು ‘ಎರಡೂ ಬರಲಿ’ ಎಂಬ ವಜ್ರದಲ್ಲಿ ಕೂಡಿಸಿದರೆ, ಬರಲಾರದ ಟೋಕನ್‌ಗಾಗಿ ಪ್ರಕ್ರಿಯೆ ಕೊನೆಯವರೆಗೂ ಕಾಯುತ್ತದೆ. ಈ ಕಟ್ಟುನಿಲುಗಡೆಗೆ ಡೆಡ್‌ಲಾಕ್ ಎಂದು ಹೆಸರು.

ನೋಟಿಸ್ ತಲುಪಿದ ಮೇಲೆ 30 ದಿನ ತಕರಾರಿಗೆ ಅವಕಾಶ. ಇದನ್ನು ಬರೆಯುವ ಬಗೆಯಲ್ಲಿ ಕಲಿಯುವವರ ಹಿಡಿತ ಗೊತ್ತಾಗುತ್ತದೆ. ಹಲವರು ಇಲ್ಲಿ ಮಾಮೂಲಿ ವಜ್ರ ಹಾಕಿ ‘ತಕರಾರು ಬಂದಿದೆಯೇ?’ ಎಂದು ಬರೆಯುತ್ತಾರೆ. ಆದರೆ ನೋಟಿಸ್ ಹಚ್ಚಿದ ಗಳಿಗೆಯಲ್ಲಿ ಆ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇಲ್ಲ. ಉತ್ತರ ಹೊರಗಿನಿಂದ ಬರಬೇಕು: ತಕರಾರು ಅರ್ಜಿ ಬರುತ್ತದೆ, ಇಲ್ಲವೇ 30ನೇ ದಿನ ಕಳೆಯುತ್ತದೆ, ಯಾವುದು ಮೊದಲೋ ಅದರ ದಾರಿ. ಬಿಪಿಎಂಎನ್‌ನಲ್ಲಿ ಇದಕ್ಕೆ ಘಟನೆಯಾಧಾರಿತ ಗೇಟ್‌ವೇ ಇದೆ. ಅದರಿಂದ ಹೊರಟ ಒಂದು ಬಾಣದ ತುದಿಯಲ್ಲಿ ಲಕೋಟೆ, ಇನ್ನೊಂದರಲ್ಲಿ ಗಡಿಯಾರ. ಗಡಿಯಾರ ಗೆದ್ದರೆ ರೆವಿನ್ಯೂ ಇನ್‌ಸ್ಪೆಕ್ಟರ್ ಆದೇಶ ಮಾಡುತ್ತಾರೆ, ಪಹಣಿ ತಿದ್ದುಪಡಿಯಾಗುತ್ತದೆ. ಲಕೋಟೆ ಬಂದರೆ ಪ್ರಕರಣ ತಕರಾರು ರಿಜಿಸ್ಟರಿಗೆ ಸೇರಿ ಮೇಲಿನವರ ವಿಚಾರಣೆಗೆ ಹೋಗುತ್ತದೆ. ಆ ವಿಚಾರಣೆಯನ್ನು ಇದೇ ಹಾಳೆಯಲ್ಲಿ ತುರುಕಬಾರದು. ಒಂದು ಆಯತದ ಕೆಳಗೆ ಕೂಡುಚಿಹ್ನೆ ಹಾಕಿ ಉಪಪ್ರಕ್ರಿಯೆ ಎಂದು ಗುರುತಿಸಿ ಬೇರೆ ಹಾಳೆಯಲ್ಲಿ ಬಿಡಿಸಿದರೆ ಆಯಿತು.

ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು, ಆಗಿನ 177 ತಾಲೂಕುಗಳಲ್ಲಿ ಕೇಂದ್ರಗಳು ತೆರೆದವು, ₹15 ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಅಷ್ಟು ಗಮನಕ್ಕೆ ಬಾರದ ಆದರೆ ನನಗೆ ಹೆಚ್ಚು ಮುಖ್ಯವೆನಿಸುವ ಬದಲಾವಣೆ ಇನ್ನೊಂದು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಸರದಿ ಮುರಿಯಲು ತಂತ್ರಾಂಶ ಬಿಡುವುದಿಲ್ಲ ಎಂಬ ಏರ್ಪಾಡು. ‘ನನ್ನ ಕಡತ ಸ್ವಲ್ಪ ಮೇಲಿಡಿ’ ಎಂಬ ಮಾತಿನ ಬೇರಿಗೇ ಅದು ಕೈಹಾಕಿತು. ಆದರೆ ಸರದಿಯ ಈ ನಿಯಮ ಮೇಲಿನ ನಕ್ಷೆಯಲ್ಲಿ ಎಲ್ಲೂ ಕಾಣುವುದಿಲ್ಲ. ಮೊದಲಿನ ನಕ್ಷೆಗೂ ಆಮೇಲಿನದಕ್ಕೂ ಈ ಮಟ್ಟಿಗೆ ಒಂದು ಗೆರೆಯ ವ್ಯತ್ಯಾಸವೂ ಇಲ್ಲ. ಡಿ ಅಕ್ಷರವನ್ನು ಕಳೆದುಕೊಂಡ ಪದ್ಧತಿಯಲ್ಲಿ ಸರದಿಗೂ ಚಿಹ್ನೆಯಿಲ್ಲ.

ಕಾಯುವಿಕೆಯ ಲೆಕ್ಕ

ನಕ್ಷೆಯಲ್ಲಿ ಕಾಣದ ಕಾಯುವಿಕೆಯನ್ನು ಸಂಖ್ಯೆಯಲ್ಲಿ ಹಿಡಿಯಬೇಕು. ಇದಕ್ಕೆ ದೊಡ್ಡ ಗಣಿತ ಬೇಡ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದ ಪ್ರಕಾರ, ವ್ಯವಸ್ಥೆಯೊಳಗೆ ಸರಾಸರಿ ಬಾಕಿಯಿರುವ ಕಡತಗಳು ದಿನಕ್ಕೆ ಬರುವ ಕಡತಗಳನ್ನು ಒಂದು ಕಡತ ಒಳಗಿರುವ ಸರಾಸರಿ ದಿನಗಳಿಂದ ಗುಣಿಸಿದಷ್ಟು. ಒಂದು ಕಚೇರಿಗೆ ದಿನಕ್ಕೆ 20 ಅರ್ಜಿ ಬರುತ್ತವೆ, ಒಂದೊಂದೂ ಮುಗಿಯಲು 45 ದಿನ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಯಾವಾಗ ಎಣಿಸಿದರೂ ಸುಮಾರು 900 ಕಡತ ಬಾಕಿ. ಸೂತ್ರವನ್ನು ತಿರುಗಿಸಿದರೆ ಇನ್ನೂ ಉಪಯೋಗ. ಕಪಾಟಿನ ಕಡತ ಎಣಿಸಿ, ದಿನದ ಆವಕದಿಂದ ಭಾಗಿಸಿದರೆ ಅರ್ಜಿದಾರ ಎಷ್ಟು ದಿನ ಕಾಯಬೇಕೆಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.

ಇನ್ನೊಂದು ಲೆಕ್ಕ, ಆ 45 ದಿನಗಳಲ್ಲಿ ಯಾರಾದರೂ ಕಡತವನ್ನು ಕೈಯಲ್ಲಿ ಹಿಡಿದಿದ್ದ ಹೊತ್ತು ಎಷ್ಟು ಎಂಬುದು. ಎಲ್ಲ ಸೇರಿ ಎರಡು ಗಂಟೆ ಎನ್ನೋಣ. ದಿನಕ್ಕೆ ಎಂಟು ಗಂಟೆಯಂತೆ 360 ಗಂಟೆಗೆ ಎರಡು ಗಂಟೆ, ಶೇ. 1ಕ್ಕೂ ಕಡಿಮೆ. ಇಂಥಲ್ಲಿ ಗುಮಾಸ್ತರು ವೇಗವಾಗಿ ಟೈಪ್ ಮಾಡಿದರೆ ಏನೂ ಆಗುವುದಿಲ್ಲ. ಮೂರನೆಯದು ವಾಪಸಾತಿಯ ಲೆಕ್ಕ. ಐದು ದಿನದ ಒಂದು ಹಂತದಿಂದ ಪ್ರತಿ ಸಲವೂ ನೂರರಲ್ಲಿ 20 ಅರ್ಜಿ ‘ದಾಖಲೆ ಸಾಲದು’ ಎಂದು ಹಿಂದೆ ಬಂದು ಮತ್ತೆ ಅದೇ ಹಂತ ಹಾಯುವುದಾದರೆ, ಸರಾಸರಿ ಅವಧಿ ಐದನ್ನು 0.8ರಿಂದ ಭಾಗಿಸಿದಷ್ಟು, ಅಂದರೆ ಆರೂಕಾಲು ದಿನವಾಗುತ್ತದೆ. ಮೊದಲ ಕೌಂಟರಿನಲ್ಲೇ ದಾಖಲೆ ನೋಡುವ ಜಾಣ ಗುಮಾಸ್ತರೊಬ್ಬರಿದ್ದರೆ ಆ ಒಂದೂಕಾಲು ದಿನ ಉಳಿಯುತ್ತದೆ.

ಕಾಯುವಿಕೆಗೆ ಬೆಲೆ ಕಟ್ಟಿದ ಕಾನೂನೂ ಕರ್ನಾಟಕದಲ್ಲಿದೆ. 2011ರ ಅಧಿನಿಯಮದಡಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಯೋಜನೆಯಲ್ಲಿ ಪ್ರತಿ ಸರ್ಕಾರಿ ಸೇವೆಗೂ ದಿನಗಳ ಮಿತಿ ಇದೆ. ಮೀರಿದರೆ ಅರ್ಜಿದಾರರಿಗೆ ದಿನಕ್ಕೆ ₹20ರಂತೆ ಗರಿಷ್ಠ ₹500 ಪರಿಹಾರ. ಅರ್ಜಿಗೆ ಸಂಖ್ಯೆ ಕೊಟ್ಟ ಗಳಿಗೆಯಿಂದ ಎಣಿಕೆ ಶುರು. ಮಾದರಿ ರಚನೆಯ ಭಾಷೆಯಲ್ಲಿ ಹೇಳುವುದಾದರೆ ಇಡೀ ಪ್ರಕ್ರಿಯೆಯ ಅಂಚಿಗೆ ಒಂದು ಗಡಿಯಾರ ಅಂಟಿಸಿದಂತೆ.

ಬರೆದದ್ದು, ಹೇಳಿದ್ದು, ನಡೆಯುವುದು

ಯಾವ ಪ್ರಕ್ರಿಯೆಗೂ ಮೂರು ರೂಪ. ಕೈಪಿಡಿಯಲ್ಲಿ ಬರೆದದ್ದು ಒಂದು, ಕೆಲಸ ಮಾಡುವವರು ಬಾಯಲ್ಲಿ ಹೇಳುವುದು ಇನ್ನೊಂದು, ನಿಜಕ್ಕೂ ನಡೆಯುವುದು ಮತ್ತೊಂದು. ಮೇಲಧಿಕಾರಿಯನ್ನು ಕೇಳಿದರೆ ಮೊದಲನೆಯದು ಸಿಗುತ್ತದೆ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಗೋಡೆಗೆ ಚೀಟಿ ಅಂಟಿಸುತ್ತ ಮಾತಾಡಿಸಿದರೆ ಎರಡನೆಯದು ಹೊರಬರುತ್ತದೆ. ಜೊತೆಗೆ ‘ಅದು ನೀವು ಕಳಿಸುತ್ತೀರೆಂದು ನಾವು ಕಾಯುತ್ತಿದ್ದೆವು’ ಎಂಬ ಮಾತೂ ಬರುತ್ತದೆ. ಮೂರನೆಯದಕ್ಕೆ ಒಂದು ದಿನ ಮೇಜಿನ ಪಕ್ಕ ಕೂತು ನೋಡಬೇಕು. ಇದು ವಿಚಾರಣೆಯೆಂಬ ಅನುಮಾನ ಬಂದರೆ ಯಾರೂ ನಿಜ ಹೇಳುವುದಿಲ್ಲ.

ಮೂರನೆಯದನ್ನು ಯಂತ್ರದಿಂದ ಪಡೆಯುವ ದಾರಿಯೇ ಪ್ರೊಸೆಸ್ ಮೈನಿಂಗ್. ಯಾವ ಪ್ರಕರಣ, ಯಾವ ಕೆಲಸ, ಎಷ್ಟು ಹೊತ್ತಿಗೆ ಎಂಬ ಮೂರು ವಿವರ ತಂತ್ರಾಂಶದ ದಾಖಲೆಯಲ್ಲಿದ್ದರೆ ನಡೆದ ಪ್ರಕ್ರಿಯೆಯ ನಕ್ಷೆಯನ್ನು ಅದರಿಂದಲೇ ಕಟ್ಟಬಹುದು. ನೆದರ್‌ಲ್ಯಾಂಡ್ಸ್‌ನ ವಿಲ್ ಫಾನ್ ಡರ್ ಆಲ್ಸ್ಟ್ ಈ ಕ್ಷೇತ್ರ ಬೆಳೆಸಿದವರಲ್ಲಿ ಮೊದಲಿಗರು. ಹೀಗೆ ಬಂದ ನಕ್ಷೆ ನೋಡಲು ಹೆಣೆದುಕೊಂಡ ನೂಲಿನ ಉಂಡೆಯಂತಿರುತ್ತದೆ; ಅಂದವಾಗಿಲ್ಲ, ಆದರೆ ನಿಜಕ್ಕೆ ಹತ್ತಿರ. ಎರಡು ಘಟನೆಗಳ ನಡುವಿನ ಹೊತ್ತು ಅದರಲ್ಲಿ ಅಳತೆಯಾಗಿ ಕಾಣುವುದರಿಂದ, 1947ರ ಡಿ ಅಕ್ಷರ ಒಂದು ಬಗೆಯಲ್ಲಿ ಮರಳಿ ಬಂದಿದೆ ಎನ್ನಬಹುದು.

ಎಲ್ಲ ಕೆಲಸವೂ ಬಾಣಗಳಿಗೆ ಬಗ್ಗುವುದಿಲ್ಲ. ವೈದ್ಯರು ರೋಗ ಪತ್ತೆ ಮಾಡುವ, ತನಿಖಾಧಿಕಾರಿ ಪ್ರಕರಣ ಬಿಡಿಸುವ ಕೆಲಸದಲ್ಲಿ ಮುಂದಿನ ಹೆಜ್ಜೆ ಈಗ ಸಿಕ್ಕ ಸಂಗತಿಯ ಮೇಲೆ ನಿಂತಿರುತ್ತದೆ. ಇಂಥವಕ್ಕಾಗಿ 2014ರಲ್ಲಿ ಸಿಎಂಎಂಎನ್ ಎಂಬ ಬೇರೆ ಪದ್ಧತಿ ಬಂತು, ಅಷ್ಟಾಗಿ ಹಬ್ಬಲಿಲ್ಲ. ಮರುವರ್ಷದ ಡಿಎಂಎನ್ ಹೆಚ್ಚು ಉಪಯೋಗಕ್ಕೆ ಬಂದಿದೆ. ಸಾಲ ಯಾರಿಗೆ ಕೊಡಬೇಕು ಎಂಬಂಥ ನಿಯಮಗಳನ್ನು ವಜ್ರಗಳ ಸರಮಾಲೆಯಾಗಿ ಬರೆಯುವ ಬದಲು ಕೋಷ್ಟಕದಲ್ಲಿಡುವುದು ಅದರ ಕ್ರಮ.

ಕಲಿಕೆ

ಕಲಿಯಲು ಪೆನ್ಸಿಲ್, ಹಾಳೆ, ತಾನು ದಿನವೂ ನೋಡುವ ಒಂದು ಕೆಲಸ ಸಾಕು. ಗ್ಯಾಸ್ ಸಿಲಿಂಡರ್ ಬುಕಿಂಗ್ ಆಗಬಹುದು, ಹಾಲಿನ ಡೇರಿಯಲ್ಲಿ ಹಾಲು ಅಳೆಯಿಸುವುದಾಗಬಹುದು. ಎಲ್ಲವೂ ಸುಸೂತ್ರವಾದರೆ ಏನಾಗುತ್ತದೆ ಎಂಬ ನೇರ ದಾರಿಯನ್ನು ಮೊದಲು ಬರೆದು ಅಡ್ಡಿ ಆತಂಕಗಳನ್ನು ಆಮೇಲೆ ಸೇರಿಸಬೇಕು. ಆಯತದೊಳಗಿನ ಮಾತು ಕರ್ಮ, ಕ್ರಿಯೆ ಎರಡೂ ಇರುವಂತಿರಲಿ: ‘ನೋಟಿಸ್ ತಲುಪಿಸು’, ‘ಹಾಲಿನ ಜಿಡ್ಡು ಅಳೆ’. ‘ನೋಟಿಸ್ ನಿರ್ವಹಣೆ’ ಎಂದರೆ ಮುದ್ರಿಸಿದರೋ ಹಚ್ಚಿದರೋ ತಿಳಿಯುವುದಿಲ್ಲ. ಯಾನ್ ಮೆಂಡ್ಲಿಂಗ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಏಳು ಸೂತ್ರಗಳಲ್ಲಿ ಇದೂ ಒಂದು. ನಕ್ಷೆಯಲ್ಲಿ 50ಕ್ಕಿಂತ ಹೆಚ್ಚು ಅಂಶಗಳಾದರೆ ಒಡೆಯಿರಿ, ಒಂದೇ ಆರಂಭ ಒಂದೇ ಮುಕ್ತಾಯ ಇಡಿ ಎಂಬುವು ಅವುಗಳಲ್ಲಿ ಇನ್ನೆರಡು. ನಕ್ಷೆ ಬರೆದಾದ ಮೇಲೆ ಒಂದು ಐದು ರೂಪಾಯಿ ನಾಣ್ಯವನ್ನು ಆರಂಭದ ವೃತ್ತದ ಮೇಲಿಟ್ಟು ಬಾಣದ ಗುಂಟ ಸರಿಸಿ ನೋಡಿ. ಕವಲಿನಲ್ಲಿ ನಾಣ್ಯ ಎರಡಾಗಬೇಕಾದಲ್ಲಿ ಇನ್ನೊಂದು ತೆಗೆದಿಡಿ. ಎಲ್ಲಿ ಸಿಕ್ಕಿಬೀಳುತ್ತದೋ ಅಲ್ಲಿ ತಪ್ಪಿದೆ.

ತಂತ್ರಾಂಶ ಬೇಕೆಂದರೆ ಕಮುಂಡಾ ಮಾಡೆಲರ್, ಬ್ರೌಸರಿನಲ್ಲೇ ತೆರೆಯುವ ಬಿಪಿಎಂಎನ್ ಡಾಟ್ ಐಓ ಎರಡೂ ಉಚಿತ. ಕ್ರಮವಾಗಿ ಓದುವವರಿಗೆ ಡ್ಯೂಮಾ, ಲಾ ರೋಸಾ, ಮೆಂಡ್ಲಿಂಗ್, ರೈಯರ್ಸ್ ಬರೆದ, 2013ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದ ಇಂಗ್ಲಿಷ್ ಪಠ್ಯಪುಸ್ತಕ ಒಳ್ಳೆಯದು. ಬಿಪಿಎಂಎನ್ 2.0ರಲ್ಲಿ ನೂರಕ್ಕೂ ಹೆಚ್ಚು ಚಿಹ್ನೆಗಳಿವೆ ಎಂದು ಹೆದರಬೇಕಾಗಿಲ್ಲ. ಹಿಂದಿನ ಆವೃತ್ತಿಯ ಕಾಲದಲ್ಲೇ, 2008ರಲ್ಲಿ, ಇಬ್ಬರು ಸಂಶೋಧಕರು ಬಳಕೆಯಲ್ಲಿದ್ದ 120 ನಕ್ಷೆಗಳನ್ನು ತೆಗೆದು ನೋಡಿದಾಗ ಒಂದೊಂದರಲ್ಲೂ ಸರಾಸರಿ ಹತ್ತಕ್ಕಿಂತ ಕಡಿಮೆ ಬಗೆಯ ಚಿಹ್ನೆಗಳಿದ್ದವು. ಮಾನಕದ ಅಧಿಕೃತ ಗ್ರಂಥ 500ಕ್ಕೂ ಹೆಚ್ಚು ಪುಟಗಳದ್ದು. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್‌ನ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಓದಿದರೆ ಸಾಕು.